ಮನೆಗೆ ಬರುವ ದೆವ್ವ

ಹದಿನಾಲ್ಕು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಕಾಯ್ದೆ ಬಂದು ಐದು ವರ್ಷವಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇದು ಗೊತ್ತಿಲ್ಲದ ಗೃಹಸ್ಥರು ಯಾರೂ ಇಲ್ಲ. ಗೊತ್ತಿರುವುದರಿಂದಲೇ ಗಾಡಿ ಹೂಡಿಕೊಂಡು ಗಡಿ ದಾಟುತ್ತಾರೆ, ಆ ಕಾಯ್ದೆಯಿಲ್ಲದ ಮೈಸೂರು ಸೀಮೆಯಲ್ಲಿ ತಾಳಿ ಕಟ್ಟಿಸಿಕೊಂಡು ಏನೂ ಆಗದವರಂತೆ ತಿರುಗಿ ಬರುತ್ತಾರೆ. ಇಂಥ ಜನರಿರುವ ಶಿರಸಿ ಪೇಟೆಯಲ್ಲಿ ಹೋದ ಮಾಗಿಯಲ್ಲಿ ಒಂದು ಭಾರೀ ಚರ್ಚೆ ನಡೆಯಿತು: ಹದಿಮೂರು ವರ್ಷದ ಹುಡುಗಿಗೆ ದೆವ್ವದ ಸಿನೆಮಾ ತೋರಿಸಬಹುದೇ?

ತೋರಿಸಿದವಳು ಮುರಿಗೆವ್ವ. ಅವಳ ಕಥೆ ಹೇಳದೆ ಈ ಚರ್ಚೆಗೆ ಅರ್ಥವಿಲ್ಲ.

ಮುರಿಗೆವ್ವ ಬನವಾಸಿ ಕಡೆಯವಳು. ಒಂಬತ್ತಕ್ಕೆ ಮದುವೆ, ಹದಿನಾರಕ್ಕೆ ಗಂಡ ತೀರಿದ. ಅಲ್ಲಿಂದ ಮೂವತ್ತು ವರ್ಷ ತಮ್ಮ ವೀರಪ್ಪನ ಮನೆಯಲ್ಲಿ ರೊಟ್ಟಿ ಬಡಿದಳು. ವೀರಪ್ಪನಿಗೆ ಪೇಟೆಯಲ್ಲಿ ಒಣಮೆಣಸಿನಕಾಯಿಯ ಅಂಗಡಿ. ಅಂಗಡಿ ಮುಂದೆ, ಮನೆ ಹಿಂದೆ. ಆ ಮನೆಯಲ್ಲಿ ಸೀನದೆ ಮಾತಾಡಿದವರಿಲ್ಲ. ಎರಡು ವರ್ಷದ ಹಿಂದೆ ಊರಿಗೆ ಸಿನೆಮಾದ ಡೇರೆ ಬಂತು. ನಡುವೆ ಒಂದು ಪರದೆ ಕಟ್ಟಿ ಗಂಡಸರು ಆ ಬದಿ, ಹೆಂಗಸರು ಈ ಬದಿ ಎಂದು ಮಾಡಿದರು. ಹೆಂಗಸರ ಬದಿ ಖಾಲಿಯೇ ಉಳಿಯಿತು, ಏಕೆಂದರೆ ಬಾಗಿಲಲ್ಲಿ ಚೀಟಿ ಹರಿಯಲು ನಿಂತವನು ಗಂಡಸು. ಡೇರೆಯವರು ಒಬ್ಬ ಹೆಂಗಸನ್ನು ಹುಡುಕುತ್ತಿದ್ದಾರೆಂದು ಬಾವಿಕಟ್ಟೆಯಲ್ಲಿ ಸುದ್ದಿ ಬಂದ ದಿನ ಮುರಿಗೆವ್ವ ಕೊಡ ಇಳಿಸಿ ನೇರ ಅಲ್ಲಿಗೆ ನಡೆದಳು.

“ವಿಧವೆ ಹೆಂಗಸು ಡೇರೆ ಬಾಗಲದಾಗ ನಿಂದರ್ತಾಳಂದ್ರ ಜನ ಏನಂದಾರು?” ಎಂದು ವೀರಪ್ಪ ಕೂಗಾಡಿದ.

“ಮೂವತ್ತು ವರ್ಷ ಒಲಿ ಮುಂದ ನಿಂತೀನಿ. ಆಗ ಜನ ಏನಂದ್ರು? ಅದನ್ನ ಮೊದಲ ಹೇಳು,” ಎಂದಳು ಮುರಿಗೆವ್ವ.

ಅವಳು ಬಾಗಿಲಿಗೆ ನಿಂತ ಮೇಲೆ ಹೆಂಗಸರು ಬಂದರು. ಬರುಬರುತ್ತ ಅವಳು ಚೀಟಿ ಹರಿಯುವುದಕ್ಕಿಂತ ದೊಡ್ಡ ಕೆಲಸವೊಂದನ್ನು ತಾನಾಗಿ ಹಚ್ಚಿಕೊಂಡಳು. ಹೊಸ ಚಿತ್ರ ಬಂದರೆ ಮೊದಲ ದಿನ ಚಿತ್ರ ನೋಡುತ್ತಿದ್ದಳು, ಎರಡನೆಯ ದಿನ ಚಿತ್ರಕ್ಕೆ ಬೆನ್ನು ತಿರುಗಿಸಿ ಕೂತು ಮಕ್ಕಳ ಮುಖ ನೋಡುತ್ತಿದ್ದಳು. ಮೂರನೆಯ ದಿನ ತೀರ್ಪು: ಯಾವ ಮಗುವನ್ನು ಒಳಗೆ ಬಿಡಬೇಕು, ಯಾವುದನ್ನು ಬಾರದು. ಅವಳ ಲೆಕ್ಕದಲ್ಲಿ ದೆವ್ವಗಳು ಎರಡೇ ಜಾತಿ: ಡೇರೆಯಲ್ಲೇ ಉಳಿಯುವ ದೆವ್ವ, ಮನೆಗೆ ಬರುವ ದೆವ್ವ. ಹಲ್ಲು ಕಿರಿದು ಹಾರಾಡಿ, ಆಟ ಮುಗಿದ ಮೇಲೆ ಮಕ್ಕಳ ನಗೆಗೆ ಈಡಾಗುವುದು ಮೊದಲನೆಯದು. ಹಿತ್ತಲಿಗೆ ಹೋಗುವಾಗ ಬೆನ್ನ ಹಿಂದೆ ನಿಲ್ಲುವುದು ಎರಡನೆಯದು.

“ಏ ಹುಡುಗಿ, ಹಿತ್ತಲಕ್ಕ ಒಬ್ಬಾಕಿನ ಹೋಗ್ತಿಯೇನ?” ಎಂದು ಬಾಗಿಲಲ್ಲೇ ಕೇಳುವಳು.

“ಹೋಗ್ತೀನಿ.”

“ಖರೇನ ಹೇಳು.”

“...ಅವ್ವ ಕಂದೀಲ ಹಿಡಕೊಂಡು ನಿಂತ್ರ ಹೋಗ್ತೀನಿ.”

“ಹಂಗಾರ ಮುಂದಿನ ವಾರ ಬಾ, ಮಂಗ್ಯಾನ ಚಿತ್ರ ಐತಿ.”

ಹೋದ ಮಾಗಿಯಲ್ಲಿ ಡೇರೆಗೆ ಒಂದೇ ತಿಂಗಳಲ್ಲಿ ಮೂರು ದೆವ್ವದ ಚಿತ್ರ ಬಂದವು. ಎಲ್ಲ ಮೂಕಿ ಚಿತ್ರಗಳೇ. ಮಾತಿನ ಯಂತ್ರ ತರಿಸುವ ತಾಕತ್ತು ಆ ಡೇರೆಗೆ ಇಲ್ಲ. ಮಾತಿಗೆ ಮಕ್ಬೂಲ್ ಇದ್ದ. ಮೊದಲು ಮೋಟರ್ ಸರ್ವಿಸ್‌ನಲ್ಲಿ ಕಂಡಕ್ಟರನಾಗಿ “ಕಾನಸೂರ, ಸಿದ್ದಾಪೂರ!” ಎಂದು ಕೂಗುತ್ತಿದ್ದ ಗಂಟಲು. ಈಗ ಪರದೆಯ ಪಕ್ಕ ನಿಂತು ರಾಜನಿಗೂ ರಾಣಿಗೂ ದೆವ್ವಕ್ಕೂ ತಾನೇ ಮಾತಾಡುತ್ತಿದ್ದ. ಅದೂ ಪೇಟೆಯ ಕನ್ನಡದಲ್ಲಲ್ಲ, ಕಂಪನಿ ನಾಟಕದ ಗಟ್ಟಿ ಕನ್ನಡದಲ್ಲಿ.

ಮೊದಲ ಚಿತ್ರ ಕುಣಿಯುವ ಎಲುಬುಗಳದ್ದು. ಮುರಿಗೆವ್ವ ಎಂಟು ವರ್ಷದವರನ್ನೂ ಒಳಗೆ ಬಿಟ್ಟಳು. ಎರಡನೆಯದರಲ್ಲಿ ಊರ ಹೊರಗಿನ ಒಬ್ಬ ವಿಧವೆ ಮಾಟಗಾತಿ. ಕೊನೆಗೆ ಊರವರು ಅವಳನ್ನು ಗುಡಿಸಲು ಸಮೇತ ಸುಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಚಿತ್ರಕ್ಕೆ ಅವಳು ಒಂದು ಮಗುವನ್ನೂ ಬಿಡಲಿಲ್ಲ.

“ಅಕ್ಕಾ, ಇದರಲ್ಲಿ ಹೆದರಿಕೆ ಏನೂ ಇಲ್ಲವಲ್ಲ! ಮಕ್ಕಳು ನಕ್ಕುಬಿಡ್ತಾವೆ,” ಎಂದ ಮಕ್ಬೂಲ್.

“ಅದಕ್ಕ ಬ್ಯಾಡ ಅಂದಿದ್ದು, ತಮ್ಮಾ. ಇವತ್ತ ನಗ್ತಾವು. ನಾಳೆ ಬಾಜೂಮನಿ ಮುದುಕಿ ಬಾಗಲಕ್ಕ ಕಲ್ಲು ಒಗೀತಾವು.”

ಇಷ್ಟು ತಿಳಿವಳಿಕೆ ನಮ್ಮ ಪೇಟೆಯ ಯಾವ ಪಂಚರಿಗಿದೆ, ಹೇಳಿ?

ಮೂರನೆಯದು ಸತ್ತ ರಾಜನ ಚಿತ್ರ. ವರ್ಷಕ್ಕೊಮ್ಮೆ ಗೋರಿಯಿಂದ ಎದ್ದು ಬಂದು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಒಯ್ಯುತ್ತಾನೆ. ತಾಯಿತಂದೆ ಅಳುತ್ತ ಧಾರೆ ಎರೆಯುತ್ತಾರೆ. ಕೊನೆಯ ಹುಡುಗಿ ಮಾತ್ರ ಅಂತರಪಟದ ಮುಂದೆ ನಿಂತು ಒಲ್ಲೆ ಅನ್ನುತ್ತಾಳೆ. ಅಷ್ಟಕ್ಕೇ ಅವನು ಬೂದಿಯಾಗಿ ಉದುರುತ್ತಾನೆ. ಆ ಜಾಗದಲ್ಲಿ ಮಕ್ಬೂಲ್ ಡೇರೆಯ ಗೂಟ ಅಲುಗುವ ಹಾಗೆ ಗರ್ಜಿಸುತ್ತಿದ್ದ: “ಎಲೈ ಪ್ರೇತರಾಜನೇ! ಈ ವಿವಾಹಕ್ಕೆ ನನ್ನ ಸಮ್ಮತಿಯಿಲ್ಲ! ಬಂದ ದಾರಿಯಲ್ಲಿ ತೊಲಗು!”

ಮುರಿಗೆವ್ವ ಅದನ್ನು ಮೂರು ಸಂಜೆ ನೋಡಿದಳು. ನಾಲ್ಕನೆಯ ಸಂಜೆ ವೀರಪ್ಪನ ಮಗಳು ಶಾರದವ್ವನ ಕೈ ಹಿಡಿದು ಕರೆತಂದು ಮುಂದಿನ ಚಾಪೆಯಲ್ಲಿ ಕೂರಿಸಿದಳು. ಶಾರದವ್ವನಿಗೆ ಹದಿಮೂರು. ಜನರ ಬಾಯಲ್ಲಿ ಆ ಮದುವೆಯ ಕಾಯ್ದೆಯ ಹೆಸರೂ ಶಾರದಾ ಕಾಯ್ದೆಯೇ. ಹೆಸರು ಒಂದೇ ಆದದ್ದರಿಂದ ಅವಳಿಗೇನೂ ಉಪಕಾರವಾಗಿರಲಿಲ್ಲ: ಬನವಾಸಿಯ ನಲವತ್ತೆರಡು ವರ್ಷದ ಧನಿಯೊಬ್ಬನಿಗೆ ಎರಡನೆಯ ಸಂಬಂಧವಾಗಿ ಅವಳನ್ನು ಕೊಡುವುದೆಂದು ವೀರಪ್ಪ ಮಾತು ಕೊಟ್ಟಾಗಿತ್ತು. ಧನಿಯ ಸ್ವಂತ ಮಗಳು ಶಾರದವ್ವನಿಗಿಂತ ಒಂದು ವರ್ಷಕ್ಕೆ ದೊಡ್ಡವಳು.

“ಅಕ್ಕಾ, ಇದು ನಿನ್ನ ಲೆಕ್ಕದಲ್ಲಿ ಮನೆಗೆ ಬರೋ ದೆವ್ವ ಅಲ್ಲವಾ?” ಎಂದು ಮಕ್ಬೂಲ್ ಕೇಳಿದನಂತೆ.

“ಹೌದಪ್ಪ. ಆದ್ರ ಅದು ಆಗಲೇ ಮನೀಗೆ ಬಂದೈತಿ. ಹುಡುಗಿಗೆ ಅದರ ಮುಖದ ಗುರ್ತ ಸಿಗಲಿ.”

ಪೇಟೆ ಇದನ್ನು ಹಿಡಿದುಕೊಂಡಿತು. ಎಳೆಯ ಮನಸ್ಸು, ಎಳೆಯ ಮನಸ್ಸು ಎಂದು ಅಂಗಡಿ ಕಟ್ಟೆಗಳು ಕನಿಕರಿಸಿದವು. ಇದೇ ಕಟ್ಟೆಗಳಲ್ಲಿ ಆ ಎಳೆಯ ಮನಸ್ಸಿನ ಲಗ್ನಕ್ಕೆ ಯಾರ ಗಾಡಿ, ಎಷ್ಟು ಗಾಡಿ ಎಂಬ ಮಾತೂ ನಡೆಯುತ್ತಿತ್ತು. ಸಂಸಾರ ಹೊರಲು ಅವಳು ದೊಡ್ಡವಳು, ಸಿನೆಮಾ ನೋಡಲು ಸಣ್ಣವಳು! ಇದನ್ನು ಒಂದಿಷ್ಟೂ ನಾಚದೆ ಹೇಳಬಲ್ಲವರು ನಮ್ಮಲ್ಲಿದ್ದಾರೆ. ದೇವಸ್ಥಾನದ ಕಮಿಟಿಯಲ್ಲೂ ಇದ್ದಾರೆ.

ಎಂಟು ದಿನಕ್ಕೆ ನಿಶ್ಚಯದ ಶಾಸ್ತ್ರ. ಮುಂಜಾನೆ ಧನಿ, ಅವನ ತಮ್ಮ, ಸಂಬಂಧ ಕೂಡಿಸಿದ ಕಲ್ಲಯ್ಯ ಬಂದು ಜಮಖಾನೆಯ ಮೇಲೆ ಕೂತರು. ಶಾರದವ್ವ ಎಲೆ ಅಡಿಕೆಯ ತಟ್ಟೆ ತಂದಿಟ್ಟಳು. ಕಲ್ಲಯ್ಯ ಬರೀ ಶಾಸ್ತ್ರಕ್ಕೆ ಕೇಳಿದ, “ಏನವಾ, ಒಪ್ಪಿಗಿ ಹೌದಲ್ಲೋ?” ಇಂಥಲ್ಲಿ ಹುಡುಗಿ ತಲೆ ತಗ್ಗಿಸಬೇಕು. ತಗ್ಗಿದ ತಲೆಯನ್ನು ಒಪ್ಪಿಗೆಯೆಂದು ಓದಿಕೊಳ್ಳುವುದು ನಮ್ಮ ಪದ್ಧತಿ.

ಶಾರದವ್ವ ತಲೆ ಎತ್ತಿದಳು. ಒಮ್ಮೆ ಸೀನಿದಳು. ಆಮೇಲೆ ಧನಿಯ ಕಡೆ ಬೆರಳು ಮಾಡಿ ಕಂಪನಿ ನಾಟಕದ ಗಟ್ಟಿ ಕನ್ನಡದಲ್ಲಿ ಕೂಗಿದಳು: “ಎಲೈ ಪ್ರೇತರಾಜನೇ! ಈ ವಿವಾಹಕ್ಕೆ ನನ್ನ ಸಮ್ಮತಿಯಿಲ್ಲ! ಬಂದ ದಾರಿಯಲ್ಲಿ ತೊಲಗು!”

ತಟ್ಟೆಯ ಅಡಿಕೆ ಜಮಖಾನೆಯ ಮೇಲೆ ಉರುಳಿತು.

“ಇದು ಹುಡುಗಿ ಮಾತಲ್ಲ,” ಎಂದ ಕಲ್ಲಯ್ಯ ಮೆಲ್ಲಗೆ. “ನಮ್ಮ ಮಂದ್ಯಾಗ ಯಾವ ಹೆಣಮಗಳು ಹಿಂಗ ಮಾತಾಡ್ತಾಳ್ರಿ? ಯಾವುದೋ ಓದಿದ ದೆವ್ವ ಮೈಮ್ಯಾಲೆ ಬಂದೈತಿ.”

ಧನಿ ಜಮಖಾನೆಯ ಆ ತುದಿಗೆ ಸರಿದ. ಅವನ ತಮ್ಮ ಅದೇ ಚಿತ್ರವನ್ನು ಗಂಡಸರ ಬದಿಯಲ್ಲಿ ಎರಡು ಸಲ ನೋಡಿದವನು, ಮಾತಿನ ಗುರುತು ಅವನಿಗೆ ಪಕ್ಕಾ ಸಿಕ್ಕಿತ್ತು. ಆದರೆ ಡೇರೆಗೆ ಹೋಗಿದ್ದೆ ಎಂದು ಅಣ್ಣನೆದುರು ಒಪ್ಪಬೇಕಲ್ಲ! ಉರುಳಿದ ಅಡಿಕೆ ಆರಿಸತೊಡಗಿದ. ಕಲ್ಲಯ್ಯ ಕೆಂಡ ತರಲು ಹೇಳಿದ. ವೀರಪ್ಪ ತನ್ನದೇ ಅಂಗಡಿಯಿಂದ ಎರಡು ಹಿಡಿ ಮೆಣಸಿನಕಾಯಿ ತಂದ. ಮೆಣಸಿನಕಾಯಿಯ ಹೊಗೆ ಹಾಕಿ, ಕಸಬರಿಗೆಯಿಂದ ಬಡಿದರೆ ದೆವ್ವ ಇಳಿಯುತ್ತದಂತೆ.

ಮುರಿಗೆವ್ವ ಅಡಿಗೆಮನೆಯ ಬಾಗಿಲಲ್ಲಿದ್ದಳು. ಅವಳು ಸುಮ್ಮನಿದ್ದರೆ ಧನಿ ಹೆದರಿ ಅಂದೇ ಗಾಡಿ ಹತ್ತುತ್ತಿದ್ದ. ಸಂಬಂಧ ಮುರಿಯುತ್ತಿತ್ತು, ಅವಳ ಕೆಲಸಕ್ಕೂ ಮನೆಗೂ ಧಕ್ಕೆಯಿಲ್ಲ. ಆದರೆ ಹುಡುಗಿಯ ಕಣ್ಣಿಗೆ ಹೊಗೆ, ಬೆನ್ನಿಗೆ ಪೆಟ್ಟು. ಮುಂದೆ ಅವಳು ಯಾವತ್ತು ಬೇಡ ಅಂದರೂ ಅದು ದೆವ್ವದ ಲೆಕ್ಕಕ್ಕೆ ಹೋಗುತ್ತಿತ್ತು. ಮುರಿಗೆವ್ವ ನಡುಮನೆಗೆ ಬಂದು ಕೆಂಡದ ಮೇಲೆ ಒಂದು ತಂಬಿಗೆ ನೀರು ಸುರಿದಳು.

“ದೆವ್ವ ಇಲ್ಲ, ಗಿವ್ವ ಇಲ್ಲ. ಅದು ಮಕ್ಬೂಲನ ಮಾತು. ಸಿನೆಮಾಕ್ಕ ಕರಕೊಂಡು ಹೋದಾಕಿ ನಾನು. ಶಾರೀ, ಹೆದರಬ್ಯಾಡ. ಈಗ ನಮ್ಮ ಮಾತಿನ್ಯಾಗ ಹೇಳು.”

ಹುಡುಗಿ ಅಪ್ಪನ ಕಡೆ ತಿರುಗಿದಳು. ನಾಟಕದ ಕನ್ನಡಕ್ಕೆ ಬೇಕಾದ ಧೈರ್ಯಕ್ಕಿಂತ ಇದಕ್ಕೆ ದುಪ್ಪಟ್ಟು ಬೇಕು.

“ನಾ ಒಲ್ಲೆ, ಅಪ್ಪಾ. ನಾ ಸಾಲಿಗೆ ಹೋಗ್ತೀನಿ.”

ಇದು ಎಲ್ಲರಿಗೂ ತಿಳಿಯಿತು. ಧನಿ ಎದ್ದು ರುಮಾಲು ಸರಿಮಾಡಿಕೊಂಡ. ಹೊಸಿಲು ದಾಟುವಾಗ ಅವನು ಆಡಿದ ಮಾತನ್ನು ಇಲ್ಲಿ ಇದ್ದ ಹಾಗೇ ಬರೆಯಬೇಕು: “ದೆವ್ವ ಇದ್ದಿದ್ರ ಬಿಡಿಸಬಹುದಿತ್ತು, ವೀರಪ್ಪ. ಇದನ್ನ ಹೆಂಗ ಬಿಡಿಸ್ತಿ?”

ಡೇರೆ ಇಲ್ಲವೇ ಮನೆ, ಒಂದನ್ನು ಆರಿಸಿಕೋ ಎಂದು ವೀರಪ್ಪ ಆ ಮಧ್ಯಾಹ್ನವೇ ಅಕ್ಕನಿಗೆ ಹೇಳಿದ. ಮುರಿಗೆವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟಳು. ಈಗ ಮಕ್ಬೂಲನ ತಾಯಿ ಸಕೀನಾಬಿಯ ಪಡಸಾಲೆಯಲ್ಲಿದ್ದಾಳೆ, ಬೇರೆ ಒಲೆ ಹೂಡಿಕೊಂಡಿದ್ದಾಳೆ. ಅದಕ್ಕೂ ಪೇಟೆ ಮಾತಾಡಿತು. “ಆಡ್ಲಿ ಬಿಡ್ರಿ. ಮೂವತ್ತು ವರ್ಷ ರೊಟ್ಟಿ ಬಡದು ನನ್ನ ಚೀಟಿ ರೊಕ್ಕ ಕೊಟ್ಟೀನಿ, ಇನ್ನ ನಾನೂ ಆಟ ನೋಡಾಕಿನ,” ಎಂದಳು.

ಶಾರದವ್ವ ಸದ್ಯ ಶಾಲೆಗೆ ಹೋಗುತ್ತಿದ್ದಾಳೆ. ಸದ್ಯ ಅಂದೆ. ಬರುವ ಶ್ರಾವಣಕ್ಕೆ ಅವಳಿಗೆ ಹದಿನಾಲ್ಕು ತುಂಬುತ್ತದೆ. ಆಮೇಲೆ ಕಾಯ್ದೆ ಅವಳ ಪಾಲಿಗೆ ಇಲ್ಲ, ಗಡಿ ದಾಟುವ ತೊಂದರೆಯೂ ಇಲ್ಲ. ಕಲ್ಲಯ್ಯ ಮತ್ತೆ ವೀರಪ್ಪನ ಅಂಗಡಿಯ ಕಟ್ಟೆಯಲ್ಲಿ ಕೂರತೊಡಗಿದ್ದಾನೆ. ಅವಳ ಲಗ್ನಪತ್ರಿಕೆಯೋ, ಅಂಥದೇ ಇನ್ನೊಬ್ಬಳದೋ, ಒಂದು ದಿನ ಅರಿಸಿನ ಹಚ್ಚಿಕೊಂಡು ನಿಮ್ಮ ಮನೆಗೂ ಬರುತ್ತದೆ. ಬಂದರೆ ಹೋಗಿ. ಹೋಗಿ, ಅಕ್ಷತೆ ಹಿಡಿಯುವ ಮೊದಲು ಎದ್ದು ನಿಂತು, ನೂರು ಜನರೆದುರು ಹುಡುಗಿಯನ್ನು ಅವಳ ಮನೆಮಾತಿನಲ್ಲಿ ಕೇಳಿ: “ನಿನಗ ಒಪ್ಪಿಗಿ ಐತೇನವಾ?” ಅವಳು ಬಾಯಿಬಿಟ್ಟು ಉತ್ತರ ಕೊಡುವ ತನಕ ಕೂರಬೇಡಿ.