ನೆನಪಿಟ್ಟು ಮರೆತ ಸಿವುಡು

ನನಗೆ ನೆನಪಿರುವುದು ಇಷ್ಟು. ತೊಂಬತ್ತರ ದಶಕದ ಕೊನೆಯ ಒಂದು ಸುಗ್ಗಿ. ಶಿವರಾತ್ರಿಗೆ ಇನ್ನೂ ಹತ್ತು ಹದಿನೈದು ದಿನ ಇದ್ದವು. ಬೈಲಹೊಂಗಲದಿಂದ ಸಂಪಗಾಂವಕ್ಕೆ ಹೋಗುವ ರಸ್ತೆಯ ಬಲಕ್ಕೆ ಒಂದು ಎರೆಹೊಲ. ಜೋಳ ಕೊಯ್ದು ಮುಗಿದಿದೆ. ಕೊನೆಯ ಬಂಡಿ ಹೊಲ ದಾಟಿ ಹೊರಟಿದೆ. ನಾನು ಒಂದು ಸಿವುಡನ್ನು, ಅಂದರೆ ತೆನೆ ಸಮೇತ ಕಟ್ಟಿದ ದಂಟಿನ ಕಂತೆಯನ್ನು, ಎರಡೂ ತೋಳಲ್ಲಿ ತಬ್ಬಿಕೊಂಡು ಆ ಬಂಡಿಯ ಹಿಂದೆ ಓಡುತ್ತಿದ್ದೇನೆ.

"ಕಾಕಾ, ನಿಂದರ್ರಿ! ಒಂದ ಸಿವುಡ ಮರತ ಹೊಂಟೀರಿ!"

ಹೊಲ ಬಲಕ್ಕಿತ್ತೋ ಎಡಕ್ಕೋ ಎಂದು ಈಗ ಆಣೆ ಮಾಡಿ ಹೇಳಲಾರೆ. ಬಲ ಎಂದು ಬರೆದದ್ದು ಊರಿಂದ ಹೋಗುವಾಗಿನ ಬಲವೋ ಬರುವಾಗಿನದೋ ಎಂಬುದೂ ಖಚಿತವಿಲ್ಲ. ಸಾಕ್ಷಿಯನ್ನು ನಂಬುವ ಮೊದಲು ಸಾಕ್ಷಿ ಹೇಳುವವನನ್ನು ಪರೀಕ್ಷಿಸಬೇಕು ಎಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತೆ. ಆಗಿನಿಂದ ನನ್ನನ್ನೇ ಪರೀಕ್ಷಿಸುತ್ತ ಬಂದಿದ್ದೇನೆ, ಪಾಸಾದದ್ದು ಕಡಿಮೆ. ಆದರೆ ಓಡಿದ್ದು ನಿಜ. ಬಂಡಿ ಹೊಡೆಯುತ್ತಿದ್ದ ಕಾಕಾ, ಗೌಡರ ಮನೆಯ ಹಳೆಯ ಆಳು, ತಿರುಗಿ ನೋಡಿದ ಮುಖವೂ ನಿಜ. ಅದು ಕಳೆದದ್ದು ಸಿಕ್ಕಿದವನ ಮುಖವಾಗಿರಲಿಲ್ಲ.

ನಮ್ಮದು ಊರ ಕೊನೆಗಿದ್ದ ಏಳು ಕ್ರೈಸ್ತ ಮನೆಗಳ ಓಣಿ. ನಾನು ಶಾಲೆ ಮುಗಿಸುವ ಮೊದಲೇ ಅಪ್ಪ ತೀರಿಕೊಂಡಿದ್ದ. ಅವ್ವ ವರ್ಷವೆಲ್ಲ ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಊರವರಿಗೆ ಕೌದಿ ಹೊಲಿಯುತ್ತಿದ್ದಳು. ಸುಗ್ಗಿ ಬಂತೆಂದರೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು ಹಕ್ಕಲಿಗೆ ಹೋಗುತ್ತಿದ್ದಳು. ಹೊಲದವರು ಬೆಳೆ ಒಯ್ದ ಮೇಲೆ ನೆಲದಲ್ಲಿ ಉಳಿದ ತೆನೆ, ಕಾಳು ಆರಿಸಿಕೊಳ್ಳುವುದೇ ಹಕ್ಕಲು. ಅದಕ್ಕೊಂದು ರೀತಿ ಇತ್ತು. ಕೊನೆಯ ಬಂಡಿ ಒಡ್ಡು ದಾಟುವ ತನಕ ಯಾರೂ ಹೊಲದೊಳಗೆ ಕಾಲಿಡುವಂತಿಲ್ಲ. ಹೆಂಗಸರು ಒಡ್ಡಿನ ಮೇಲೆ ಸಾಲಾಗಿ ಕುಳಿತು, ಎಲೆ ಅಡಿಕೆ ಹಾಕುತ್ತ, ಒಬ್ಬರನ್ನೊಬ್ಬರು ಆಡಿಕೊಳ್ಳುತ್ತ ಕಾಯುತ್ತಿದ್ದರು.

ಅವ್ವನಿಗೆ ಒಂದು ಮಾತಿತ್ತು. "ದಾನ ಬ್ಯಾರೆ, ಹಕ್ಕಲ ಬ್ಯಾರೆ. ಹಕ್ಕಲ ಅಂದ್ರ ಹಕ್ಕ." ಯಾರಾದರೂ ಕನಿಕರದಿಂದ ಉಡಿಗೆ ಒಂದು ಸೇರು ಜೋಳ ಹಾಕಲು ಬಂದರೆ ಸೆರಗು ಕೊಡವಿ ಎದ್ದುಬಿಡುವಳು. ಆ ಎರಡು ಪದಗಳಿಗೆ ಸಂಬಂಧವಿಲ್ಲ, ಹಕ್ಕು ಅರಬ್ಬಿ ಕಡೆಯಿಂದ ಬಂದದ್ದು, ಹಕ್ಕಲು ನಮ್ಮದೇ ಹಳೆಯ ಮಾತು ಎಂದು ನಾನೊಮ್ಮೆ ವಿವರಿಸಿದೆ.

"ಎಲ್ಲಿಂದರ ಬರಲಿ, ನಮ್ಮ ಮನಿಗೆ ಬಂದ ಮ್ಯಾಲ ಅಕ್ಕ ತಂಗಿ ಆಗ್ಯಾವು," ಎಂದಳು.

ಆ ವರ್ಷ ಅವಳ ಸೊಂಟ ಹಿಡಿದಿತ್ತು. ಊರಿಗೆ ಬಂದಿದ್ದ ನಾನು ಜೊತೆಗೆ ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದದ್ದು ತಪ್ಪಾಯಿತು.

"ಇವತ್ತ ಹಕ್ಕಲಕ ಸಾಹೇಬ್ರು ಬಂದಾರಲ್ರವಾ," ಎಂದಳು ನೆರೆಮನೆಯ ಚಿಗವ್ವ. "ಏನ್ ಓದಾಕತ್ತೀಯೋ ತಮ್ಮಾ?"

"ಎಂ.ಎ."

"ಎಮ್ಮಿ? ಹಂಗಾರ ಬಗ್ಗಿ ಆರಸಾಕ ಬರೂದಿಲ್ಲ ಬಿಡು. ಮೇಯಾಕ ಅಷ್ಟ ಬರತೈತಿ."

"ಮೇಯಾಕರ ಬರತೈತಲ್ಲ. ನಿನ್ನ ಮಗಗ ಅದೂ ಬರೂದಿಲ್ಲ," ಎಂದು ಅವ್ವ ಬಿಟ್ಟುಕೊಡಲಿಲ್ಲ.

ಗೌಡರು ಕಾಲುಬೇನೆಯಿಂದ ಮನೆ ಹಿಡಿದಿದ್ದರು. ಹೊಲದ ಉಸ್ತುವಾರಿ ಅವರ ಹೆಂಡತಿಯದು. ಊರವರು ಕರೆಯುತ್ತಿದ್ದುದು ಗೌಡಸಾನಿ ಎಂದು. ಹಣೆ ತುಂಬ ವಿಭೂತಿ, ಹಸಿರು ಇಳಕಲ್ ಸೀರೆ. ಬಂಡಿ ಒಡ್ಡು ದಾಟಿದ ಮೇಲೆ ಅವರು ಬೇವಿನ ನೆರಳಿನಿಂದ ಎದ್ದು, "ಹೋಗ್ರೆವಾ, ಬಿಟ್ಟೇನಿ," ಎಂದು ಕೈ ಬೀಸಿದರು. ಹೆಂಗಸರು ಹರಡಿಕೊಂಡರು. ಅವ್ವ ನೆಟ್ಟಗೆ ಬನ್ನಿಗಿಡದ ಮೂಲೆಗೆ ನಡೆದಳು. ಉಳಿದವರು ಅತ್ತ ಸುಳಿಯಲಿಲ್ಲ. ನಾನು ಅವಳಿಗಿಂತ ಮುಂದೆ ಹೋದೆ. ಗಿಡದ ಮಗ್ಗುಲಲ್ಲಿ ಸಿವುಡು ಬಿದ್ದಿತ್ತು. ನನ್ನ ಪ್ರಾಮಾಣಿಕತೆ ಜಿಗಿದೆದ್ದಿತು. ಅವ್ವ ಹಿಂದಿನಿಂದ ಏನೋ ಅಂದಳು. ಕೇಳಿಸಿಕೊಳ್ಳದೆ ಓಡಿದೆ.

ಹೊಲವೆಲ್ಲ ನಿಂತು ನೋಡಿತು. ಕಾಕಾ ಗೌಡಸಾನಿಯ ಮುಖ ನೋಡಿದ. ಗೌಡಸಾನಿ ನನ್ನ ಅವ್ವನ ಕಡೆ ನೋಡಿದರು. ಆಮೇಲೆ, "ಮರತಿದ್ವಿ ಅನಸತೈತಿ. ಹೇರು," ಎಂದು ಬೇರೆ ಕಡೆ ತಿರುಗಿದರು. ಹೊರಳಿ ಬಂದಾಗ ಅವ್ವ ಗಿಡದ ಬುಡದಲ್ಲಿ ಸೀರೆ ಹರವಿಕೊಂಡು ಕುಳಿತುಬಿಟ್ಟಿದ್ದಳು. ಸೊಂಟದ ನೋವು ಎಂದುಕೊಂಡೆ. "ನೀ ಮನಿಗೆ ನಡಿ," ಎಂದಳು. ಆ ಮಧ್ಯಾಹ್ನ ರೊಟ್ಟಿ ಬಡಿಸುವಾಗ ಮಾತ್ರ ಒಂದು ಮಾತಾಡಿದಳು: "ಉಣ್ಣು. ಓದಿ ದಣದಿ."

ಅವಳ ಸಿಟ್ಟನ್ನು ನಾನು ಸ್ವಾಭಿಮಾನದ ಲೆಕ್ಕಕ್ಕೆ ಬರೆದುಕೊಂಡೆ. ಪ್ರಾಮಾಣಿಕತೆಗೆ ಒಂದು ಒಳ್ಳೆಯ ಮಾತೂ ಸಿಗದೆ ಮಗ ಎಲ್ಲರೆದುರು ಸಣ್ಣವನಾದ ಎಂಬ ನೋವು ಇರಬೇಕು ಎಂದು. ಧಾರವಾಡದ ಹಾಸ್ಟೆಲ್ಲಿನಲ್ಲಿ ವಾದಕ್ಕೆ ಕುಳಿತಾಗಲೆಲ್ಲ, "ನಾನು ಯಾರ ಕರುಣೆಯಿಂದಲೂ ಬೆಳೆದವನಲ್ಲ, ನಮ್ಮವ್ವ ದೇವರ ಹತ್ತಿರವೂ ಕೈ ಚಾಚಿದವಳಲ್ಲ," ಎಂದು ಹೇಳುತ್ತಿದ್ದೆ. ಅದಕ್ಕೆ ನನ್ನ ಬಳಿ ಆಧಾರವೂ ಇತ್ತು. ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು, ಅಂದರೆ ಪಾಸ್ಟರ್, ಒಂದೊಂದು ಬಿನ್ನಹ ಓದಿದಾಗಲೂ ಸಭೆಯೆಲ್ಲ 'ನಮ್ಮನ್ನು ಕರುಣಿಸು' ಎನ್ನಬೇಕು. ಎಲ್ಲರೂ ಅನ್ನುವಾಗ ಅವ್ವನ ತುಟಿ ಮಾತ್ರ ಅಲುಗುತ್ತಿರಲಿಲ್ಲ. ಆ ಮುಚ್ಚಿದ ತುಟಿ ನನ್ನ ಧ್ವಜವಾಗಿತ್ತು.

ದೇವರ ಕರುಣೆಯ ವಿಷಯದಲ್ಲಿ ನನಗೆ ಬೇರೆ ತಕರಾರೂ ಇತ್ತು. ದೇವರು ಕರುಣೆ ತೋರಿದಾಗ ನಮ್ಮ ಪಾಪಗಳನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲ ಎಂದು ನಮ್ಮ ವೇದಪುಸ್ತಕದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಬರುತ್ತದೆ. ಯುವಕರ ಕೂಟದಲ್ಲಿ ಎದ್ದು ನಿಂತು ಕೇಳಿದೆ: ಎಲ್ಲ ಬಲ್ಲವನು ಮರೆಯುವುದು ಹೇಗೆ? ಮರೆತರೆ ಅವನು ಎಲ್ಲ ಬಲ್ಲವನಲ್ಲ, ನೆನಪಿದ್ದರೆ ಕ್ಷಮಿಸಿಲ್ಲ. ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಪ್ರಶ್ನೆ ಚಲೋ ಐತಪಾ. ಮುಂದಿನ ರವಿವಾರ ಹೇಳತೇನಿ."

ಮುಂದಿನ ರವಿವಾರದೊಳಗೆ ಅವರಿಗೆ ರಾಮದುರ್ಗಕ್ಕೆ ವರ್ಗವಾಯಿತು. ನನ್ನ ಪ್ರಶ್ನೆಗೆ ಹೆದರಿ ಓಡಿದರು ಎಂದು ಹೇಳಿಕೊಂಡು ತಿರುಗಿದೆ. ವರ್ಗದ ಪತ್ರ ತಿಂಗಳ ಮೊದಲೇ ಬಂದಿತ್ತಂತೆ.

ಮುಂದೆ ನನಗೆ ಸವದತ್ತಿಯಲ್ಲಿ ಕಾಲೇಜಿನ ನೌಕರಿ ಸಿಕ್ಕಿತು. ಅವ್ವನೂ ಜೊತೆಗೆ ಬಂದಳು, ಕೌದಿಯ ಗಂಟು ಹೊತ್ತುಕೊಂಡೇ ಬಂದಳು. ಊರ ಹೊಲಗಳಿಗೆ ನೀರು ಬಂದು ಕಬ್ಬು ಎದ್ದಿತು. ಜೋಳದ ಬಂಡಿಗಳಿದ್ದ ದಾರಿಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು. ಕಬ್ಬಿನ ಹೊಲದಲ್ಲಿ ಹಕ್ಕಲು ಎಂಬುದಿಲ್ಲ. ಕಡಿದ ಮೇಲೆ ಉಳಿಯುವುದು ಒಣ ಗರಿ, ಅದಕ್ಕೆ ಬೆಂಕಿ ಹಚ್ಚುತ್ತಾರೆ. ಒಡ್ಡಿನ ಮೇಲೆ ಕುಳಿತು ಕಾಯುವ ಹೆಂಗಸರ ಸಾಲನ್ನು ನಾನು ಮತ್ತೆ ನೋಡಲಿಲ್ಲ. ಆ ಸಾಲಿನ ನಗು ಮಾತ್ರ ಕೆಲವೊಮ್ಮೆ ಪಾಠದ ನಡುವೆ ಕೇಳಿಸಿದಂತಾಗಿ ತಡವರಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಸವದತ್ತಿಗೆ ಹೋಗುವ ಬಸ್ಸು ಕಿತ್ತೂರಿನಿಂದ ಬರಬೇಕು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ತಡವಾಗಿತ್ತು. ಪಕ್ಕದ ಮುದುಕ ಬಹಳ ಹೊತ್ತಿನಿಂದ ನನ್ನನ್ನೇ ನೋಡುತ್ತಿದ್ದ.

"ನೀ ಕೌದಿ ಹೊಲಿಯಾಕಿ ಮಗ ಹೌದಲ್ಲೋ? ಸಿವುಡ ತಂದ ಕೊಟ್ಟಾಂವ!"

ಬಂಡಿಯ ಕಾಕಾ. ಇಷ್ಟು ಓದಿ, ಕಲಿಸಿ, ಊರಲ್ಲಿ ಉಳಿದದ್ದು ಆ ಗುರುತು.

"ಹೌದ್ರಿ ಕಾಕಾ. ನೀವು ಮರತಿದ್ರಿ, ನಾ ತಂದ ಕೊಟ್ನಿ," ಎಂದೆ ನಗುತ್ತ.

"ಮರತಿದ್ನೇನ? ಏ ಮಳ್ಳ! ಮರೀಬೇಕಂತ ಮುಂಜಾನಿಂದ ನೆನಪ ಇಟಗೊಂಡಿರತಿದ್ನಿ. 'ಬನ್ನಿಗಿಡದ ಮೂಲ್ಯಾಗ ಎರಡ ಮರತ ಬಾ, ಆಕಿಗೆ ಕೊಟ್ಟರ ತಗೊಳ್ಳೂದಿಲ್ಲ' ಅಂತ ಗೌಡಸಾನ್ಯಾರು ಸುಗ್ಗಿ ಮುಗಿಯೂತನಕಾ ದಿನಾ ಹೇಳತಿದ್ರು. ಒಂದಿನ ಏನಾತು, ಮರಿಯೂದನ್ನ ಖರೇನ ಮರತ ಎಲ್ಲಾ ಹೇರಿಬಿಟ್ನಿ! ಬಂಡಿ ಹೊಳ್ಳಿಸಿಕೊಂಡ ಹೋಗಿ ಎರಡ ಇಳಿಸಿ ಬಂದ್ನಿ."

"ನಾ ಓಡಿ ಬಂದ ದಿನಾನೂ ಎರಡ ಇದ್ದೂ ಏನ್ರಿ? ನನಗ ಕಂಡದ್ದ ಒಂದ."

"ಇನ್ನೊಂದರ ಮ್ಯಾಲ ನಿಮ್ಮವ್ವ ಕುಂತಿದ್ಲಲ್ಲೋ! ಮಗಾ ಅದನ್ನೂ ಹೊತಗೊಂಡ ಓಡಿಗೀಡ್ಯಾನು ಅಂತ."

ನಾನು ನಗಲು ಹೋಗಿ ನಿಲ್ಲಿಸಿದೆ. ಸೊಂಟದ ನೋವು ಎಂದು ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ಆ ಸಿವುಡು. ಅಂದರೆ ಅವ್ವನಿಗೆ ಎಲ್ಲ ಗೊತ್ತಿತ್ತು.

"ಮುಂದಿನ ಸುಗ್ಗ್ಯಾಗ, ಕಾಕಾ?"

"ಎಲ್ಲಿ ಮುಂದಿನ ಸುಗ್ಗಿ? ಎಲ್ಲಾರ ಮುಂದ ನೀ ಹಂಗ ಒದರಿದ ಮ್ಯಾಲ ಹ್ಯಾಂಗ ಮರಿಯೂದು? ಅಲ್ಲೀತನಕಾ ಗೊತ್ತಿದ್ದೂ ಸುಮ್ಮನಿದ್ದ ಉಳದವರು ಕೇಳೂದಿಲ್ಲೇನ, ನಮಗ್ಯಾಕ ಮರಿಯೂದಿಲ್ಲ ಅಂತ? ನಿಮ್ಮವ್ವನೂ ಆ ಹೊಲಕ್ಕ ಮತ್ತ ಬರಲಿಲ್ಲ."

ಅದು ನಿಜ. ಮರುವರ್ಷದಿಂದ ಅವ್ವ ಎರಡು ಹರದಾರಿ ನಡೆದು ಬೇರೆ ಊರ ಹೊಲಗಳಿಗೆ ಹೋಗುತ್ತಿದ್ದಳು. ಹತ್ತಿರದ ಹೊಲಕ್ಕೆ ಕಬ್ಬು ಬಂದಿದ್ದರಿಂದ ಹಾಗೆ ಎಂದು ನಾನು ತಿಳಿದಿದ್ದೆ. ಕಬ್ಬು ಬಂದದ್ದು ಅದಾಗಿ ಮೂರು ವರ್ಷಕ್ಕೆ. ನನ್ನ ನೆನಪು ನನ್ನನ್ನು ಉಳಿಸಲು ಕಬ್ಬನ್ನು ಮೂರು ವರ್ಷ ಮೊದಲೇ ನೆಟ್ಟಿತ್ತು.

ಸವದತ್ತಿಯ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಹೊಲದಲ್ಲಿ ಮರೆತ ಸಿವುಡಿಗಾಗಿ ಹಿಂದಿರುಗಬೇಡ, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದ್ದು ಎಂಬ ಕಟ್ಟಳೆ ವೇದಪುಸ್ತಕದಲ್ಲಿದೆ. ಚಿಕ್ಕಂದಿನಿಂದ ಕೇಳಿದ್ದೆ, ಹೊಲದಲ್ಲಿ ಮಾತ್ರ ನೆನಪಾಗಲಿಲ್ಲ. ಗಂಡ ಸತ್ತ ಪರದೇಶದ ಸೊಸೆ ಹಕ್ಕಲಾಯಲು ಬಂದ ಕಥೆಯೂ ಇದೆ. ಹೊಲದೊಡೆಯ ಆಳುಗಳನ್ನು ಕರೆದು, ಕಂತೆಯಿಂದ ತೆನೆಗಳನ್ನು ಎಳೆದು ಬೀಳಿಸಿ, ಆಕೆಯನ್ನು ಗದರಿಸಬೇಡಿ ಎನ್ನುತ್ತಾನೆ. ಆಕೆಗೆ ಅದು ಗೊತ್ತಾಯಿತೇ? ಕಥೆ ಹೇಳುವುದಿಲ್ಲ. ಎಲ್ಲವನ್ನೂ ಪ್ರಶ್ನಿಸಿದ ನಾನು ಅದೊಂದನ್ನು ಕೇಳಿರಲಿಲ್ಲ. ಇನ್ನೊಂದು ನೆನಪಾಯಿತು. ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಅಪರಾಧಿ ತಪ್ಪನ್ನು ಮನ್ನಿಸು ಎನ್ನಲಿಲ್ಲ, ನನ್ನನ್ನು ನೆನಪಿಸಿಕೋ ಎಂದ. ತಪ್ಪನ್ನು ಮರೆಯುವುದು, ಮನುಷ್ಯನನ್ನು ನೆನೆಯುವುದು. ಸಭಾಪಾಲಕರು ಬಾಕಿ ಇಟ್ಟುಹೋದ ಉತ್ತರ ಇದೇ ಇದ್ದೀತು. ನಂಬಿದೆ ಎಂದು ಹೇಳಲಾರೆ. ಆದರೆ ಅದಕ್ಕೆ ಎದುರು ವಾದ ಹುಡುಕುವ ಹುಮ್ಮಸ್ಸು ಆ ದಿನ ಇರಲಿಲ್ಲ. ಆ ಸಿವುಡಿನ ತಪ್ಪನ್ನು ಅವ್ವನೆದುರು ಒಪ್ಪಿಕೊಳ್ಳಬೇಕು ಎಂಬುದೊಂದೇ ಎದೆಯಲ್ಲಿ ಕುಳಿತಿತ್ತು.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೌದಿ ಹರವಿಕೊಂಡಿದ್ದಳು. ಕಾಕಾ ಸಿಕ್ಕಿದ್ದನ್ನು ಹೇಳಿದೆ.

"ಅಂವಾ ಇನ್ನೂ ಅದಾನೇನ? ಎಡಗೋಡ ಮುರದ ಎತ್ತ ಹೂಡತಿದ್ದ ನೋಡು. ಬಂಡಿ ಹೊಡೀವಾಗ ಹಾಡತಿದ್ದ, ಕೇಳಲಾರದ ಎತ್ತ ಓಡತಿದ್ದೂ."

"ಸಿವುಡ ಬೇಕಂತನ ಮರೀತಿದ್ರಂತ."

"ಎಂಟ ವರ್ಷ," ಎಂದಳು, ನಾನು ಹೊಸ ಸುದ್ದಿ ಹೇಳಲೇ ಇಲ್ಲವೆಂಬಂತೆ. "ಗೌಡಸಾನ್ಯಾರು ಕೊಟ್ಟಿದ್ರ ನಾ ತಗೋತಿದ್ದಿಲ್ಲ. ಅದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತೈತಿ ಅಂತ ನನಗ ಗೊತ್ತಿತ್ತು. ಸುಮ್ಮನಿದ್ವಿ."

"ಹಂಗಾರ ಹಕ್ಕಲ ಅಂದ್ರ ಹಕ್ಕ ಅಂತಿದ್ಯಲ್ಲ?"

"ನೆಲಕ್ಕ ಬಿದ್ದ ಮ್ಯಾಲ ಹಕ್ಕನ. ಬೀಳಸೂದ ಅವರದು, ಎತಗೊಳ್ಳೂದ ನನ್ನದು. ಅದರಾಗ ನಿಂದೇನ?"

ನನ್ನ ಧ್ವಜ ಇನ್ನೊಂದು ಉಳಿದಿತ್ತು. "ಚರ್ಚಿನ್ಯಾಗ ಎಲ್ಲಾರೂ ಕರುಣಿಸು ಅನ್ನೂ ಮುಂದ ನೀ ಬಾಯಿ ತೆರೀತಿದ್ದಿಲ್ಲ. ಯಾಕ?"

"ಯಾರ ಹೇಳಿದ್ರು? ಎಲ್ಲಾರಕಿಂತ ಜೋರಲೆ ನಾನ ಅಂತಿದ್ನಿ. ಪಾಸ್ಟರ್ ಒಮ್ಮೆ ಬೈದರು, ದೇವರಿಗೆ ಕಿವಿ ಚಲೋ ಅದಾವು, ಸಾವಕಾಶ ಅನ್ನು ಅಂತ."

ಆಮೇಲೆ ಹೊಳೆಯಿತು. ನಮ್ಮ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ತಲೆಯ ಮೇಲೆ ಸೆರಗು. ನಾನು ಕೂರುತ್ತಿದ್ದ ಹಿಂದಿನ ಬೆಂಚಿನಿಂದ ಅವಳ ತುಟಿ ಕಾಣುವುದೇ ಸಾಧ್ಯವಿರಲಿಲ್ಲ. ನಾನು ನೋಡಿದ್ದು ಸೆರಗನ್ನು.

ಅವಳು ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಲು ಒದ್ದಾಡುತ್ತಿದ್ದಳು. ತೊಡೆಯ ಮೇಲಿನ ಕೌದಿಯ ನಡುವೆ, ಗೌಡಸಾನಿ ಉಡುತ್ತಿದ್ದಂಥ ಹಸಿರು ಇಳಕಲ್ ಸೀರೆಯ ಒಂದು ತುಂಡಿತ್ತು.

"ಅವ್ವಾ, ಅವತ್ತ ನಾ ಸಿವುಡ ವಾಪಸ್ ಕೊಟ್ನೆಲ್ಲ..."

ಅವಳು ತಲೆ ಎತ್ತಲಿಲ್ಲ.

"ಯಾವ ಸಿವುಡ?"

ಆಗಷ್ಟೇ ಎತ್ತಿನ ಮುರಿದ ಕೋಡು ಯಾವ ಕಡೆಯದು ಎಂದು ಹೇಳಿದ್ದವಳು. ಮುಂದಿನ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ವಯಸ್ಸಿನ ಮರೆವೋ, ಕಾಕಾನ ಮರೆವೋ ಎಂದು ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಅವಳ ಕೈಯಿಂದ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟೆ.