ಎಡಕ್ಕೆ ಎಳೆಯುವ ವಿಮಾನ

ಹಾನಗಲ್ಲಿನ ನನ್ನ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಯುದ್ಧವಿಮಾನವಿದೆ. ಎರಡನೆಯ ಮಹಾಯುದ್ಧದ ಕಾಲದ ಸ್ಪಿಟ್‌ಫೈರ್. ಇರುವುದು ಕಂಪ್ಯೂಟರಿನೊಳಗೆ, ಆದರೆ ಹಾರಿಸುವ ಕಷ್ಟವೆಲ್ಲ ಖರೆ. ಕೈಗೊಂದು ಕೋಲು, ಕಾಲಿಗೆ ಎರಡು ಪೆಡಲ್. ಪೆಡಲ್‌ಗಳನ್ನು ಬಡಗಿಯಿಂದ ಕಟ್ಟಿಗೆಯಲ್ಲಿ ಮಾಡಿಸಿ, ಹಳೆಯ ಸ್ಕೂಟರ್ ಸೀಟಿನ ಸ್ಪ್ರಿಂಗ್ ಹಾಕಿಸಿದ್ದೆ. "ಹೊಲಿಗಿ ಮಷೀನಿಗೇನ್ರಿ?" ಎಂದು ಬಡಗಿ ಕೇಳಿದಾಗ ಹೌದೆಂದುಬಿಟ್ಟಿದ್ದೆ. ವಿಮಾನಕ್ಕೆ ಅಂದಿದ್ದರೆ ಊರೆಲ್ಲ ಸುದ್ದಿಯಾಗುತ್ತಿತ್ತು.

ಹೋದ ವರ್ಷ ಚಿಕ್ಕೇರೂರಿನ ನನ್ನ ಸೋದರಮಾವ ಕಣದಲ್ಲಿ ಗೋವಿನಜೋಳದ ಕಾಳಿನ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ನನ್ನನ್ನು ಎತ್ತಿ ಆಡಿಸಿ ಮಾತು ಕಲಿಸಿದ ಮಾಮಾ ಅವರು. ಅವರ ಬೈಗುಳ ಸಹಿತ ನನಗೆ ಬಾಯಿಪಾಠ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಂಗಡಿಗೆ ಹತ್ತಿಕೊಂಡೇ ಇರುವ ನಮ್ಮ ಮನೆಗೆ ಕರೆತಂದೆವು. ದಿನಾ ಗೋಡೆಗೆ ಪಾದ ಒತ್ತಿ ಬಿಡಬೇಕು, ಇಲ್ಲದಿದ್ದರೆ ಕೀಲು ಬಿಗಿದೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಮಾಮಾ ಓಡಿಸುವ ಟ್ರ್ಯಾಕ್ಟರಿನ ಬ್ರೇಕು ಬಲಗಾಲಿನದು. ಬಿತ್ತಿಗೆಯೊಳಗೆ ಕಾಲು ಸರಿಯಾಗದಿದ್ದರೆ ಅದರ ಕೀಲಿ ಬೇರೆಯವರ ಕೈಗೆ ಹೋಗುತ್ತಿತ್ತು. ಮಾಮಾನಿಗೆ ಅದೇ ಚಿಂತೆ. ಆದರೂ ವ್ಯಾಯಾಮ ಮಾತ್ರ ಒಲ್ಲೆ.

"ಗ್ವಾಡಿಗೆ ಕಾಲ್ ಕೊಟ್ಟು ನೂಕಾಕ ನನಗೇನ್ ಹುಚ್ಚ ಹಿಡದೈತೇನ್ಲೇ?"

ಒಂದು ಮಧ್ಯಾಹ್ನ ಚಹಾದ ಕಪ್ಪು ಹಿಡಿದು ಹಿಂದಿನ ಕೋಣೆಗೆ ಬಂದು ಕೂತರು. ನಾನು ವಿಮಾನ ಏರಿಸುವ ಹೊತ್ತು. ಅದೋ ಬಾಲ ನೆಲಕ್ಕಿಟ್ಟು, ಮೂತಿ ಆಕಾಶಕ್ಕೆತ್ತಿ ನಿಲ್ಲುವ ಜಾತಿ. ಮುಂದಿನ ದಾರಿಯೇ ಕಾಣದು. ಎಂಜಿನ್ ಜೋರು ಮಾಡಿದೆನೋ ಇಲ್ಲವೋ, ಸರ್ರನೆ ಎಡಕ್ಕೆ ಹೊರಳಿ ಹುಲ್ಲಿಗೆ ಬಿದ್ದು ರೆಕ್ಕೆ ಮುರಿಯಿತು.

"ಎಡಕ್ಕ ಎಳ್ಯಾಕತ್ತೈತಲ್ಲಲೇ ನಿನ್ನ ಎತ್ತು!"

"ಪಂಖಾ ತಿರುಗೂ ಜೋರಿಗೆ ಹಂಗ ಎಳೀತೈತ್ರಿ ಮಾಮಾ. ಬಲಗಾಲ ಒತ್ತಿ ಹಿಡೀಬೇಕು."

"ಒತ್ತಲ್ಲ ಮತ್ತ. ನಿನ್ನ ಕಾಲೂ ಮುರದೈತೇನ?"

"ಅಷ್ಟ ಶಾಣ್ಯಾ ಇದ್ರ ನೀವ ಬರ್ರಿ."

ಬಂದರು. ಸಂಜೆಯೊಳಗೆ ಎಷ್ಟು ವಿಮಾನ ಮುರಿದರೋ! ಮುರಿದಾಗಲೆಲ್ಲ ಕಣ್ಣು ಪರದೆಯಿಂದ ಕೀಳದೆ, ರೊಟ್ಟಿ ಕೇಳಿದಂತೆ, "ಮತ್ತೊಂದ ಹಾಕ" ಅನ್ನುವರು. ಗೋಡೆಗೆ ಹತ್ತು ಸಲ ಒತ್ತಲು ಒಲ್ಲೆ ಎಂದ ಕಾಲು ಅಲ್ಲಿ ಲೆಕ್ಕವಿಲ್ಲದಷ್ಟು ಸಲ ಒತ್ತುತ್ತಿತ್ತು. ಐದಾರು ದಿನಕ್ಕೆ ಬಾಲ ಎದ್ದಿತು, ಗಾಲಿ ನೆಲ ಬಿಟ್ಟವು. ಮಾಮಾ ಉಸಿರು ಹಿಡಿದು, "ಇನ್ನ ಇಳಸೂದ್ ಹೆಂಗಲೇ?" ಅಂದರು. ಅದು ನನಗೂ ಅಷ್ಟಾಗಿ ಬರುತ್ತಿರಲಿಲ್ಲ.

ಆಮೇಲೆ ಕೆಡಿಸಿದ್ದು ನನ್ನ ಬಾಯಿ. ಯುದ್ಧದ ಕೊನೆಕೊನೆಗೆ ಬಂದ ಸ್ಪಿಟ್‌ಫೈರುಗಳ ಎಂಜಿನ್ ಉಲ್ಟಾ ತಿರುಗುತ್ತದೆ, ಅವು ಬಲಕ್ಕೆ ಎಳೆಯುತ್ತವೆ, ಎಡಗಾಲು ಒತ್ತಬೇಕು ಎಂದು ಜಾಣತನ ತೋರಿಸಿಬಿಟ್ಟೆ. ಮಾಮಾನ ಕಣ್ಣು ಮಿಂಚಿತು.

"ಅದನ್ನ ಹಚ್ಚ!"

ಎರಡು ವಾರ ಬಲಗಾಲು ಹಾಯಾಗಿ ಕೂತಿತು. ಮೆಟ್ಟಿಲು ಇಳಿಯುವಾಗ ಮಾಮಾ ಮತ್ತೆ ಗೋಡೆ ಹಿಡಿಯುವುದನ್ನು ಮೊದಲು ಕಂಡವಳು ನನ್ನ ಹೆಂಡತಿ.

"ನಿಮ್ಮ ಬಾಯಿಗೆ ಚಿಲಕ ಇಲ್ಲೇನ್ರಿ? ಚಲೋ ಆಗಾಕತ್ತಿದ್ದ ಕಾಲ ಕೆಡಿಸಿದ್ರಿ."

ಅಂದೇ ಬಲಕ್ಕೆ ಎಳೆಯುವ ಆ ವಿಮಾನವನ್ನು ಕಂಪ್ಯೂಟರಿನಿಂದ ತೆಗೆದುಹಾಕಿದೆ. ಮರುದಿನ, "ಅದು ಕೆಟ್ಟೈತ್ರಿ ಮಾಮಾ" ಅಂದೆ. ಸುಳ್ಳು ಹೇಳುವುದನ್ನೂ ಅವರಿಂದಲೇ ಕಲಿತವನು, ಆದರೂ ಮುಖ ನೋಡಲು ಧೈರ್ಯವಾಗಲಿಲ್ಲ. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ಹಳೆಯ, ಎಡಕ್ಕೆ ಎಳೆಯುವುದನ್ನೇ ಹಾಕಿಸಿಕೊಂಡು ಬಲಗಾಲು ಒತ್ತಿದರು. ಬೇಸಿಗೆ ಪೂರ್ತಿ ಒತ್ತಿದರು.

ಮೊದಲ ಮಳೆ ಬಿದ್ದ ವಾರ ಚಿಕ್ಕೇರೂರಿಗೆ ಬಿಡಲು ಹೋದೆ. ಮನೆಯೊಳಗೆ ನೀರು ಸಹಿತ ಕುಡಿಯದೆ ಮಾಮಾ ಟ್ರ್ಯಾಕ್ಟರ್ ಏರಿದರು. ಹೊಲದ ಕೊನೆಗೆ ಹೋಗಿ ತಿರುಗಿಸಬೇಕು. ಬಲಗಾಲಿನಿಂದ ಒಂದೇ ಗಾಲಿಯ ಬ್ರೇಕು ಜೋರಾಗಿ ಒತ್ತಿದರೆ ಮಾತ್ರ ಅಷ್ಟು ಚಿಕ್ಕ ಜಾಗದಲ್ಲಿ ತಿರುಗೀತು. ಒತ್ತಿದರು. ಟ್ರ್ಯಾಕ್ಟರು ಗರ್ರನೆ ತಿರುಗಿ ನನ್ನತ್ತ ಮೂತಿ ಮಾಡಿತು.

ಎಂಜಿನ್ ಸದ್ದಿನ ಮೇಲೆ ಮಾಮಾ ಕೂಗಿದರು:

"ಆ ಕೆಟ್ಟ ವಿಮಾನ ಇನ್ನ ರಿಪೇರಿ ಮಾಡಲೇ, ಮಳ್ಳ!"