ತೂತು ಮುಚ್ಚುವ ನನ್ನೇಸಾಬ

ಮಸ್ಕಿಯ ನನ್ನೇಸಾಬನಿಗೆ ಗೊತ್ತಿದ್ದ ವಿದ್ಯೆ ಒಂದೇ. ಗಾಳಿ ಸೋರುವ ತೂತು ಹುಡುಕುವುದು, ಮುಚ್ಚುವುದು. ಸುತ್ತಲಿನ ಭಜನೆಯವರ ಹಾರ್ಮೋನಿಯಂ ಪೇಟಿಗಳೆಲ್ಲ ರಿಪೇರಿಗೆ ಅವನ ಕೈಗೇ ಬರುತ್ತಿದ್ದವು. ಅವನು ಕೂತು ದುಡಿಯುತ್ತಿದ್ದದ್ದು ಸಾವುಕಾರ ಅಮರಗುಂಡಪ್ಪನವರ ಮನೆಯ ಕಟ್ಟೆಯ ಮೇಲೆ. ಒಂದು ದಿನವೂ ಬಾಡಿಗೆ ಕೇಳದ ಆ ಪುಣ್ಯಾತ್ಮ ತೀರಿಕೊಂಡು ವರ್ಷವಾಗಿತ್ತು. ಈಗ, ಎಂಬತ್ತೇಳರ ಬೇಸಿಗೆಯಲ್ಲಿ, ಸಿಂಧನೂರಿನ ಅಕ್ಕಿ ವ್ಯಾಪಾರಿಯೊಬ್ಬ ಮನೆಯನ್ನು ಕೊಳ್ಳಲು ಗಂಟುಬಿದ್ದಿದ್ದ. ಮನೆ ಹೋದರೆ ಕಟ್ಟೆಯೂ ಹೋದಂತೆ. ಅರವತ್ತು ದಾಟಿದ ಮನುಷ್ಯ ಹೊಸ ಕಟ್ಟೆ ಎಲ್ಲಿ ಹುಡುಕಬೇಕು? ನೆನೆದರೇ ಅವನಿಗೆ ಸುಸ್ತಾಗುತ್ತಿತ್ತು.

ಉಳಿದಿದ್ದ ಆಸೆಯೆಂದರೆ ಪಡಸಾಲೆಯ ಪಿಯಾನೋ. ಹಟ್ಟಿಯ ಚಿನ್ನದ ಗಣಿಯಲ್ಲಿ ಸಾಹೇಬರ ಬಂಗಲೆಯ ಸಾಮಾನು ಹರಾಜಾದಾಗ ಅಮರಗುಂಡಪ್ಪನವರು ಶೋಕಿಗೆ ತಂದದ್ದು. ಕಾಗದದ ಸುರುಳಿ ಸಿಕ್ಕಿಸಿ ಕಾಲಲ್ಲಿ ತುಳಿದರೆ ತಾನೇ ಹಾಡುತ್ತದಂತೆ. ಬಂದಾಗಲೇ ಅದರ ಗಾಳಿ ಎಳೆಯುವ ತಿದಿ ಹರಿದಿತ್ತು, ಹಾಡಿದ್ದನ್ನು ಮಸ್ಕಿಯಲ್ಲಿ ಯಾರೂ ಕೇಳಿರಲಿಲ್ಲ.

“ಲಿಂಗಸುಗೂರಿನ ವೆಂಕೋಬ ನೋಡಾಕ ಬರ್ತಾನ, ಹಳೇ ಸಾಮಾನಿನ ವ್ಯಾಪಾರಿ,” ಎಂದರು ಅಮರಗುಂಡಪ್ಪನವರ ಹೆಂಡತಿ ಅಂಬಮ್ಮ. “ಚಲೋ ಬೆಲಿ ಬಂತಂದ್ರ ಸಾಲ ತೀರತೈತಿ, ಮನಿ ಮಾರೂದಿಲ್ಲ. ತಿದಿ ನೀ ನೋಡು.”

ನನ್ನೇಸಾಬ ತಿದಿಗೆ ಹೊಸ ಚರ್ಮ ಅಂಟಿಸಿದ. ಅಂಟು ಆರುವವರೆಗೆ ತುಳಿಯುವಂತಿರಲಿಲ್ಲ. ಸುಮ್ಮನೆ ಕೂರುವ ಕೈಯೂ ಅದಲ್ಲ. ಇದ್ದ ಒಂದೇ ಸುರುಳಿಯನ್ನು ಬಿಚ್ಚಿ ನೋಡಿದರೆ, ಯಾ ಅಲ್ಲಾ, ಉದ್ದಕ್ಕೂ ತೂತು! ಹುಳಕ್ಕೆ ಹಿಡಿಶಾಪ ಹಾಕುತ್ತ ಗಾಳಿಪಟದ ಕಾಗದ ತಂದ, ಮೈದಾ ಅಂಟು ಕಾಸಿದ. ಸೊಂಟ ಹಿಡಿದುಕೊಂಡರೂ ಬಿಡದೆ ಒಂದೊಂದನ್ನೂ ಮುಚ್ಚಿದ.

ಮರುದಿನ ವೆಂಕೋಬ ಬಂದ. ಪಿಯಾನೋದ ಹೊಟ್ಟೆಯೊಳಗೆ ಇಣುಕಿದವನ ಮುಖ ಅರಳಿತು.

“ಅವ್ವಾರೆ, ತುಳಿಯೂ ಪಿಯಾನೋ ಹೈದರಾಬಾದಿನ್ಯಾಗೂ ಕಾಣಸಿಗೂದಿಲ್ರಿ. ಸುರುಳಿ ಬ್ಯಾರೆ ಐತಿ! ಇದು ಹಾಡಿತಂದ್ರ ನೀವು ಕೇಳಿದ್ದ ಬೆಲಿ.”

ಕೂತು ತುಳಿದ. ಸುರುಳಿ ಸುತ್ತಿತು. ಒಂದು ಸ್ವರವೂ ಹೊರಡಲಿಲ್ಲ. ವೆಂಕೋಬ ಸುರುಳಿಯನ್ನು ಬೆಳಕಿಗೆ ಹಿಡಿದು ಹಣೆ ಬಡಿದುಕೊಂಡ.

“ಎಲ್ಲಿ ತೂತಿತ್ತೋ ಅಲ್ಲೇ ಸ್ವರ ಇತ್ರಿ! ಎಲ್ಲಾ ಮುಚ್ಚಿಬಿಟ್ಟಾರ. ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡ್ಯಾರ.” ಉಗುರಿನಿಂದ ಒಂದು ತೇಪೆ ಕಿತ್ತ. ಸುರುಳಿಯೇ ಹರಿಯಿತು. “ಎಷ್ಟು ಗಟ್ಟಿ ಅಂಟಿಸ್ಯಾರ ನೋಡ್ರಿ. ಇನ್ನ ಕಟಗಿ ಬೆಲಿ ಅಷ್ಟ. ಯಾರ್ರಿ ಈ ಕೆಲಸ ಮಾಡಿದ್ದು?”

ಬಾಗಿಲ ಬಳಿ ನಿಂತಿದ್ದ ನನ್ನೇಸಾಬನ ಬೆರಳಿಗೆ ಮೈದಾ ಇನ್ನೂ ಮೆತ್ತಿಕೊಂಡಿತ್ತು. ಅಂಬಮ್ಮ ಆ ಬೆರಳುಗಳನ್ನು ನೋಡಿದರು.

“ನಮ್ಮ ಮನಿಯವರು,” ಎಂದರು.

ವೆಂಕೋಬ ಹೋದ ಮೇಲೆ ನನ್ನೇಸಾಬ ಕುಸಿದು ಕೂತ. ಕಣ್ಣೀರು ತಡೆಯಲಾಗಲಿಲ್ಲ.

“ಸತ್ತವರ ಮ್ಯಾಲ ಯಾಕ ಹಾಕಿದ್ರಿ, ಅವ್ವಾರೆ?”

“ಅವರಿಗೆ ಇನ್ನ ಯಾರೂ ಪೇಟಿ ರಿಪೇರಿಗೆ ಕೊಡಾಂಗಿಲ್ಲ,” ಎಂದರು ಅಂಬಮ್ಮ. “ನೀ ಇನ್ನೊಬ್ಬರ ಕಟ್ಟಿ ಮ್ಯಾಲ ಕುಂತು ದುಡಿಬೇಕಲ್ಲ. ಏಳು, ಮಾರಿ ತೊಳ್ಕೋ.”